ಧ್ವನಿಮುದ್ರಿಕೆಗೆ ದಕ್ಕದ ಸಂಗೀತ: ಜಿಮ್ ಯೂರೋಪ್ ಕೃತಿಗಳ ಮರುರಚನೆಯಲ್ಲಿ ಜೇಸನ್ ಮೊರಾನ್

ಜಾಝ್ ಸಂಗೀತದ ಚರಿತ್ರೆಯನ್ನು ಬರೆದವರಲ್ಲಿ ಬಹುಪಾಲು ಮಂದಿ ಧ್ವನಿಮುದ್ರಿಕೆಗಳನ್ನೇ ಪ್ರಧಾನ ಆಕರವಾಗಿ ನಂಬಿದ್ದಾರೆ. ಇದರಲ್ಲೊಂದು ವಿರೋಧಾಭಾಸವಿದೆ. ಮನೋಧರ್ಮವೇ ಜೀವಾಳವಾದ, ನುಡಿಸಿದ ಗಳಿಗೆಯಲ್ಲಿ ಹುಟ್ಟಿ ಆ ಗಳಿಗೆಯಲ್ಲಿಯೇ ಮುಗಿಯುವ ಸಂಗೀತವೊಂದಕ್ಕೆ ಮೂರು ಮೂರೂವರೆ ನಿಮಿಷಗಳ ಅರಗಿನ ತಟ್ಟೆಯೇ ಮೂಲಪಠ್ಯವಾಗಿಬಿಟ್ಟಿತು. ತಟ್ಟೆಯ ಮೇಲೆ ಚೆನ್ನಾಗಿ ಕೇಳಿಸಿದವರು ಚರಿತ್ರೆಯಲ್ಲಿ ಉಳಿದರು. ಕೇಳಿಸದವರು ಪೂರ್ವಚರಿತ್ರೆಯ ಮಬ್ಬಿಗೆ ಸರಿದರು. ಬಿಳಿಯರ ತಂಡವಾದ ‘ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಝ್ ಬ್ಯಾಂಡ್’ 1917ರಲ್ಲಿ ಮೊದಲ ಜಾಝ್ ಮುದ್ರಿಕೆಯೆಂದು ಹೆಸರಾದುದನ್ನು ಹೊರತಂದಿತು. ಕಿಂಗ್ ಆಲಿವರ್ ಅವರ ತಂಡ 1923ರಲ್ಲಿ ಮುದ್ರಣದ ಕೊಳವೆಯ ಮುಂದೆ ನಿಂತಿತು. ಕಥನ ಸಾಮಾನ್ಯವಾಗಿ ಇಲ್ಲಿಂದಲೇ ಮೊದಲಾಗುತ್ತದೆ. ಅದಕ್ಕೂ ಹಿಂದಿನ ಇಪ್ಪತ್ತು ವರ್ಷಗಳನ್ನು ಒಂದೆರಡು ಪುಟಗಳಲ್ಲಿ ದಾಟಿಬಿಡುವುದು ರೂಢಿ.

ಹಾಗೆ ದಾಟಿಹೋದವರಲ್ಲಿ ಮುಖ್ಯರು ಜೇಮ್ಸ್ ರೀಸ್ ಯೂರೋಪ್. ಅವರ ಬದುಕಿನ ಕೊನೆಯ ಮಹತ್ವದ ಘಟ್ಟವು ಅದೇ ಹೆಸರಿನ ಖಂಡದಲ್ಲಿ ನಡೆದುದರಿಂದ ಕನ್ನಡದಲ್ಲಿ ಬರೆಯುವಾಗ ಗೊಂದಲವಾಗುವುದು ಸಹಜ. ಸಮಕಾಲೀನರು ಅವರನ್ನು ಕರೆಯುತ್ತಿದ್ದಂತೆ ಇಲ್ಲಿಯೂ ಜಿಮ್ ಯೂರೋಪ್ ಎಂದೇ ಕರೆಯುವುದು ಒಳಿತು. ಅಲಬಾಮಾದ ಮೊಬೀಲ್ ನಗರದಲ್ಲಿ ಹುಟ್ಟಿ, ವಾಷಿಂಗ್ಟನ್‌ನಲ್ಲಿ ಬೆಳೆದು, 20ನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕ್ ಸೇರಿದ ಈ ಸಂಗೀತಗಾರ ಒಳ್ಳೆಯ ವಾದಕರಾಗಿದ್ದರು. ಆದರೆ ಅದಕ್ಕಿಂತಲೂ ಅವರ ಹಿರಿಮೆ ಇದ್ದದ್ದು ಸಂಘಟನೆಯಲ್ಲಿ. 1910ರಲ್ಲಿ ಅವರು ಕಟ್ಟಿದ ‘ಕ್ಲೆಫ್ ಕ್ಲಬ್’ ಏಕಕಾಲಕ್ಕೆ ಕಪ್ಪು ಸಂಗೀತಗಾರರ ಸಂಘವೂ ಕಾರ್ಯಕ್ರಮಗಳನ್ನು ಗೊತ್ತುಮಾಡುವ ಕಚೇರಿಯೂ ಆಗಿತ್ತು. ಅದುವರೆಗೆ ಶ್ರೀಮಂತರ ಮನೆಗಳಲ್ಲಿ, ಹೋಟೆಲುಗಳಲ್ಲಿ ಇನಾಮಿನ ಕಾಸಿಗಾಗಿ ನುಡಿಸುತ್ತಿದ್ದವರಿಗೆ ನಿಗದಿಯಾದ ಸಂಭಾವನೆ ದೊರೆಯುವ ಏರ್ಪಾಡನ್ನು ಅದು ಮಾಡಿತು. ಕಲೆಯ ಚರಿತ್ರೆಯಲ್ಲಿ ಇಂಥ ವಿಷಯಗಳಿಗೆ ಸಾಮಾನ್ಯವಾಗಿ ಅಡಿಟಿಪ್ಪಣಿಯ ಸ್ಥಾನ. ಜಿಮ್ ಯೂರೋಪ್ ಅವರ ವಿಷಯದಲ್ಲಿ ಮಾತ್ರ ಸಂಘಟನೆಯೇ ಸಂಗೀತದ ರೂಪವನ್ನು ನಿರ್ಣಯಿಸಿತು.

1912ರ ಮೇ 2ರಂದು ಕಾರ್ನೆಗಿ ಹಾಲ್‌ನಲ್ಲಿ ನಡೆದ ಕಚೇರಿ ಇದಕ್ಕೆ ಸಾಕ್ಷಿ. ಹಾರ್ಲೆಮ್‌ನಲ್ಲಿ ಕಪ್ಪು ಮಕ್ಕಳಿಗಾಗಿ ನಡೆಯುತ್ತಿದ್ದ ಸಂಗೀತ ಶಾಲೆಯ ಸಹಾಯಾರ್ಥ ಏರ್ಪಟ್ಟಿದ್ದ ಈ ಕಾರ್ಯಕ್ರಮದಲ್ಲಿ ಸುಮಾರು 125 ಮಂದಿ ವೇದಿಕೆಯ ಮೇಲಿದ್ದರು. ಪಿಟೀಲು, ಚೆಲೊಗಳಿಗಿಂತ ಹೆಚ್ಚಾಗಿ ಮ್ಯಾಂಡೊಲಿನ್, ಬ್ಯಾಂಜೊ, ಹಾರ್ಪ್-ಗಿಟಾರ್‌ಗಳು; ಅವುಗಳ ಹಿಂದೆ ಸಾಲಾಗಿ ಪಿಯಾನೊಗಳು. ಪಶ್ಚಿಮದ ಸಿಂಫನಿ ವಾದ್ಯವೃಂದದ ಅನುಕರಣೆಯೆಂದು ನೋಡಿದರೆ ಇದೊಂದು ವಿಚಿತ್ರ ಜೋಡಣೆ. ಆದರೆ ಇದರಲ್ಲಿ ಅನುಕರಣೆ ಇರಲಿಲ್ಲ. ತಮ್ಮ ಜನರ ಕೈಯಲ್ಲಿ ಯಾವ ವಾದ್ಯಗಳಿದ್ದುವೋ ಅವುಗಳಿಂದಲೇ ವೃಂದವನ್ನು ಕಟ್ಟಬೇಕೆಂಬುದು ಅವರ ನಿಲುವಾಗಿತ್ತು. ಸ್ವರಲಿಪಿ ಓದಬಲ್ಲವರನ್ನೂ ಕಿವಿಯಿಂದ ಕಲಿತವರನ್ನೂ ಅವರು ಒಟ್ಟಿಗೆ ಕೂರಿಸಿದರು. ಮೀಟುವ ತಂತಿಗಳ ಎಡೆಬಿಡದ ಝೇಂಕಾರದ ಮೇಲೆ ಮಾರ್ಚ್ ಮತ್ತು ರ್ಯಾಗ್‌ಟೈಮ್‌ಗಳನ್ನು ನಿಲ್ಲಿಸಿದ ಆ ನಾದಕ್ಕೆ ಪೂರ್ವಮಾದರಿ ಇರಲಿಲ್ಲ. ಪಾಲ್ ವೈಟ್‌ಮನ್ ಈಯೋಲಿಯನ್ ಹಾಲ್‌ನಲ್ಲಿ ಜಾಝ್ ಅನ್ನು ಕಚೇರಿ ವೇದಿಕೆಗೆ ತಂದ ಕೀರ್ತಿ ಪಡೆದದ್ದು 1924ರಲ್ಲಿ, ಎಂದರೆ ಇದಾದ ಹನ್ನೆರಡು ವರ್ಷಗಳ ಮೇಲೆ.

ಈ ನಾದ ಮುದ್ರಣಗೊಳ್ಳಲಿಲ್ಲ. ವಿಕ್ಟರ್ ಕಂಪನಿಗಾಗಿ 1913-14ರಲ್ಲಿ ಅವರು ಮಾಡಿದ ಕೆಲವೇ ಮುದ್ರಿಕೆಗಳು ಬೇರೊಂದು ಸಣ್ಣ ತಂಡದವು. ವರ್ನನ್ ಮತ್ತು ಐರೀನ್ ಕಾಸಲ್ ದಂಪತಿಗಳ ನೃತ್ಯಕ್ಕೆಂದು ರೂಪುಗೊಂಡವು. ಫಾಕ್ಸ್‌ಟ್ರಾಟ್ ಎಂಬ ನೃತ್ಯಕ್ಕೆ ಕಾಸಲ್ ದಂಪತಿಗಳಿಗೆ ಪ್ರೇರಣೆಯಾದದ್ದು ಬಿಡುವಿನ ವೇಳೆಯಲ್ಲಿ ಜಿಮ್ ಯೂರೋಪ್ ವಿಳಂಬದಲ್ಲಿ ನುಡಿಸುತ್ತಿದ್ದ ‘ಮೆಂಫಿಸ್ ಬ್ಲೂಸ್’ ಎಂಬ ಮಾತು ಪ್ರಚಲಿತವಾಗಿದೆ. ಈ ಮುದ್ರಿಕೆಗಳಲ್ಲಿ ‘ಕಾಸಲ್ ಹೌಸ್ ರ್ಯಾಗ್’ ಎಂಬುದನ್ನು ಕೇಳಿದವರಿಗೆ ಒಂದು ಸಂಗತಿ ತಟ್ಟನೆ ಮನಸ್ಸಿಗೆ ಬರುತ್ತದೆ. ಆರಂಭದಲ್ಲಿ ಅಚ್ಚುಕಟ್ಟಾಗಿ, ಸಭ್ಯವಾಗಿ ಸಾಗುವ ಕೃತಿ ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಡ್ರಮ್ ವಾದಕ ಬಡಿ ಗಿಲ್‌ಮೋರ್ ಅವರ ಕೈಯಲ್ಲಿ ಕಟ್ಟು ಹರಿದುಕೊಂಡು ಓಡುತ್ತದೆ. ಗುಂಥರ್ ಶುಲ್ಲರ್ 1968ರಲ್ಲಿ ಪ್ರಕಟಿಸಿದ ಆರಂಭಿಕ ಜಾಝ್ ಕುರಿತ ಗ್ರಂಥದಲ್ಲಿ ಈ ಮುದ್ರಿಕೆಗಳನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. ಹಾಗಿದ್ದೂ ಅವು ತಜ್ಞರ ವಲಯವನ್ನು ದಾಟಿ ಹೊರಬರಲಿಲ್ಲ.

ಮೊದಲ ಮಹಾಯುದ್ಧ ಜಿಮ್ ಯೂರೋಪ್ ಅವರನ್ನು ನೃತ್ಯಶಾಲೆಯಿಂದ ರಣಭೂಮಿಗೆ ಕರೆದೊಯ್ದಿತು. ಹಾರ್ಲೆಮ್‌ನ ಕಪ್ಪು ಸೈನಿಕರ ರೆಜಿಮೆಂಟಿಗೆ (ಅದು ಮುಂದೆ 369ನೆಯ ಪದಾತಿ ದಳವೆಂದು ಹೆಸರಾಯಿತು) ಒಂದು ಬ್ಯಾಂಡನ್ನು ಕಟ್ಟುವ ಹೊಣೆ ಅವರದಾಯಿತು. ಒಳ್ಳೆಯ ಕ್ಲ್ಯಾರಿನೆಟ್ ವಾದಕರನ್ನು ಹುಡುಕಿಕೊಂಡು ಅವರು 1917ರಲ್ಲಿ ಪೋರ್ಟೊರಿಕೊ ದ್ವೀಪಕ್ಕೂ ಹೋದರು. ಮುಂದೆ ಲ್ಯಾಟಿನ್ ಅಮೆರಿಕದ ದೊಡ್ಡ ವಾಗ್ಗೇಯಕಾರರಾದ ರಫಾಯೆಲ್ ಹೆರ್ನಾಂಡಿಸ್ ಈ ಬ್ಯಾಂಡಿಗೆ ಸೇರಿದ್ದು ಹಾಗೆ. 1918ರ ಹೊಸವರ್ಷದ ದಿನ ರೆಜಿಮೆಂಟು ಫ್ರಾನ್ಸಿನ ಬ್ರೆಸ್ಟ್ ಬಂದರಿನಲ್ಲಿ ಇಳಿಯಿತು. ತನ್ನ ಬಿಳಿಯ ಪಡೆಗಳ ಜೊತೆಯಲ್ಲಿ ಇವರನ್ನು ನಿಲ್ಲಿಸಲು ಒಪ್ಪದ ಅಮೆರಿಕದ ಸೇನಾಡಳಿತ ರೆಜಿಮೆಂಟನ್ನು ಫ್ರೆಂಚ್ ಸೇನೆಯ ಅಧೀನಕ್ಕೆ ಒಪ್ಪಿಸಿತು. 191 ದಿನಗಳನ್ನು ಮುಂಚೂಣಿಯಲ್ಲಿ ಕಳೆದ ದಳವಿದು. ಜಿಮ್ ಯೂರೋಪ್ ಬ್ಯಾಂಡಿನ ನಾಯಕ ಮಾತ್ರರಾಗಿರಲಿಲ್ಲ. ಮೆಷಿನ್‌ಗನ್ ತುಕಡಿಯ ಅಧಿಕಾರಿಯಾಗಿ ಕಂದಕಗಳಲ್ಲಿಯೂ ಇದ್ದರು. ವಿಷಾನಿಲದ ದಾಳಿಗೆ ಸಿಕ್ಕಿ ಆಸ್ಪತ್ರೆಯನ್ನೂ ಸೇರಿದ್ದರು.

ಫ್ರಾನ್ಸಿನಲ್ಲಿ ನಡೆದ ಒಂದು ಪ್ರಸಂಗವು ಈ ಚರ್ಚೆಗೆ ಬಹಳ ಮುಖ್ಯವಾದುದು. ಅದನ್ನು ಜಿಮ್ ಯೂರೋಪ್ ಅವರೇ ಹೇಳಿಕೊಂಡಿದ್ದು, 1919ರ ಏಪ್ರಿಲ್‌ನಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯಲ್ಲಿ ಅಚ್ಚಾಗಿದೆ. ಅವರ ವಾದನವನ್ನು ಕೇಳಿ ಬೆರಗಾದ ಫ್ರೆಂಚ್ ಬ್ಯಾಂಡಿನ ನಾಯಕರೊಬ್ಬರು ಕೃತಿಯ ಸ್ವರಲಿಪಿಯನ್ನು ಕೇಳಿ ಪಡೆದರಂತೆ. ತಮ್ಮವರಿಂದ ನುಡಿಸಿ ನೋಡಿದರೆ ಆ ಪರಿಣಾಮ ಬರಲೇ ಇಲ್ಲ. ಕೊನೆಗೆ ಈ ಕಪ್ಪು ಸೈನಿಕರ ವಾದ್ಯಗಳಲ್ಲಿಯೇ ಏನೋ ಮರ್ಮವಿರಬೇಕೆಂದು ಅವುಗಳನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದರು. ವಾದ್ಯಗಳು ಎಲ್ಲರ ವಾದ್ಯಗಳಂತೆಯೇ ಇದ್ದುವು. ಬರೆದ ಸ್ವರದ ಮೇಲೆ ಬರೆಯದ ಒತ್ತನ್ನು ಹಾಕುವುದು, ನಾಲಿಗೆಯ ಚಲನೆಯಿಂದ ನಾದವನ್ನು ತಿರುಚುವುದು, ಕಂಠಕ್ಕೆ ಮುಚ್ಚಳ ಹಿಡಿದು ಬಣ್ಣ ಬದಲಾಯಿಸುವುದು, ಇವುಗಳಲ್ಲಿಯೇ ಎಲ್ಲವೂ ಇತ್ತು. ಅದೇ ಸಂದರ್ಭದಲ್ಲಿ ಅವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ. ತಮ್ಮ ವಾದಕರು ತಾವು ಬಯಸಿದ್ದಕ್ಕಿಂತ ಹೆಚ್ಚು ಅಲಂಕಾರಗಳನ್ನು ಸೇರಿಸಿಬಿಡದಂತೆ ತಡೆಯಲು ದಿನಾ ತಾಲೀಮು ನಡೆಸಬೇಕಾಗುತ್ತಿತ್ತು ಎಂಬುದು ಆ ಮಾತು. ಬರಹದಲ್ಲಿ ಇಲ್ಲದ್ದರಿಂದಲೇ ಈ ಸಂಗೀತಕ್ಕೆ ಜೀವ. ಆ ಜೀವ ಮೈಮರೆಯದಂತೆ ಹಿಡಿದ ಕಡಿವಾಣದಿಂದಲೇ ಇದಕ್ಕೆ ರೂಪ. ಮರುರಚನೆಗೆ ತೊಡಗುವ ಯಾರೇ ಆದರೂ ಈ ಎರಡೂ ಅಂಶಗಳಿಗೆ ಉತ್ತರ ಹೇಳಬೇಕಾಗುತ್ತದೆ.

1919ರ ಫೆಬ್ರವರಿ 17ರಂದು ರೆಜಿಮೆಂಟು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಮೆರವಣಿಗೆಯಲ್ಲಿ ಸಾಗಿತು. ಮಾರ್ಚ್‌ನಿಂದ ಮೇ ವರೆಗೆ ಪಾಥೆ ಕಂಪನಿಗಾಗಿ ಬ್ಯಾಂಡು ಇಪ್ಪತ್ತಕ್ಕೂ ಹೆಚ್ಚು ಕೃತಿಗಳನ್ನು ಮುದ್ರಿಸಿತು. ವಿದ್ಯುತ್ ಮೈಕ್ರೊಫೋನ್ ಬಳಕೆಗೆ ಬಂದದ್ದು 1925ರಲ್ಲಿ. ಅದಕ್ಕೂ ಹಿಂದೆ ಎಲ್ಲರೂ ಒಂದು ತಗಡಿನ ಕೊಳವೆಗೆ ಮುಖಮಾಡಿ ಒತ್ತೊತ್ತಾಗಿ ನಿಂತು ನುಡಿಸಬೇಕಾಗಿತ್ತು. ಮಂದ್ರದ ನಾದಗಳೂ ದೊಡ್ಡ ಡ್ರಮ್ಮಿನ ಪೆಟ್ಟುಗಳೂ ಆ ಕೊಳವೆಗೆ ದಕ್ಕುತ್ತಿರಲಿಲ್ಲ. ಇದರ ಮೇಲೆ ಪಾಥೆಯ ಪದ್ಧತಿಯೇ ಬೇರೆ. ಮೊದಲು ಉರುಳೆಯ ಮೇಲೆ ಮುದ್ರಿಸಿ ಅನಂತರ ಅದನ್ನು ತಟ್ಟೆಗೆ ಇಳಿಸುತ್ತಿದ್ದುದರಿಂದ ನಾದ ಇನ್ನಷ್ಟು ಮಸುಕಾಗುತ್ತಿತ್ತು. ಮುಳ್ಳು ಅಕ್ಕಪಕ್ಕಕ್ಕೆ ಚಲಿಸುವ ಬದಲು ಮೇಲೆ ಕೆಳಗೆ ಚಲಿಸುವ ಈ ತಟ್ಟೆಗಳು ಸಾಮಾನ್ಯ ಗ್ರಾಮಫೋನಿನಲ್ಲಿ ಸರಿಯಾಗಿ ಕೇಳಿಸುತ್ತಲೂ ಇರಲಿಲ್ಲ. ಮೇ 9ರಂದು ಬಾಸ್ಟನ್ನಿನ ಮೆಕ್ಯಾನಿಕ್ಸ್ ಹಾಲ್‌ನಲ್ಲಿ ಕಾರ್ಯಕ್ರಮದ ನಡುವೆ, ಶಿಸ್ತಿನ ವಿಷಯದಲ್ಲಿ ಮುನಿದಿದ್ದ ಹರ್ಬರ್ಟ್ ರೈಟ್ ಎಂಬ ಡ್ರಮ್ ವಾದಕ ಸಣ್ಣ ಚಾಕುವಿನಿಂದ ಜಿಮ್ ಯೂರೋಪ್ ಅವರ ಕುತ್ತಿಗೆಗೆ ಇರಿದ. ಗಾಯ ಮೇಲ್ನೋಟಕ್ಕೆ ಚಿಕ್ಕದಾಗಿ ಕಂಡಿತ್ತು. ಅದೇ ರಾತ್ರಿ ಅವರು ತೀರಿಕೊಂಡರು. ಕಪ್ಪು ಕಲಾವಿದರಿಗೆ ಧ್ವನಿಮುದ್ರಣದ ಬಾಗಿಲು ನಿಜವಾಗಿ ತೆರೆದದ್ದು ಮರುವರ್ಷ, ಮೇಮಿ ಸ್ಮಿತ್ ಅವರ ಹಾಡುಗಳಿಂದ.

ಅವರ ಸಂಗಡಿಗರು ದಿಕ್ಕುದಿಕ್ಕಿಗೆ ಚದುರಿದರು. ಗಾಯಕ ನೋಬಲ್ ಸಿಸಲ್ ಅವರು ಯೂಬಿ ಬ್ಲೇಕ್ ಅವರೊಡನೆ 1921ರಲ್ಲಿ ‘ಷಫಲ್ ಅಲಾಂಗ್’ ಎಂಬ ಯಶಸ್ವೀ ಸಂಗೀತ ನಾಟಕವನ್ನು ರಂಗಕ್ಕೆ ತಂದರು. ಚದುರಿದವರಲ್ಲಿ ಒಬ್ಬರ ದಾರಿ ಭಾರತಕ್ಕೂ ಬರುತ್ತದೆ. ವಿಕ್ಟರ್ ಮುದ್ರಿಕೆಗಳಲ್ಲಿ ಕಾರ್ನೆಟ್ ನುಡಿಸಿದ ಕ್ರಿಕೆಟ್ ಸ್ಮಿತ್ ಪ್ಯಾರಿಸ್ಸಿನಲ್ಲಿ ಬಹುಕಾಲ ಇದ್ದು, 1936ರಲ್ಲಿ ಮುಂಬಯಿಯ ತಾಜ್ ಮಹಲ್ ಹೋಟೆಲಿನ ಬ್ಯಾಂಡಿನ ನಾಯಕರಾದರು. ಅಲ್ಲಿ ಅವರು ಮುದ್ರಿಸಿದ ‘ತಾಜ್ ಮಹಲ್’ ಎಂಬ ಫಾಕ್ಸ್‌ಟ್ರಾಟ್, ನರೇಶ್ ಫರ್ನಾಂಡಿಸ್ 2012ರಲ್ಲಿ ಪ್ರಕಟಿಸಿದ ಮುಂಬಯಿ ಜಾಝ್ ಚರಿತ್ರೆಗೆ ಹೆಸರನ್ನೂ ಒದಗಿಸಿತು. ಆ ಹೋಟೆಲಿನ ಬ್ಯಾಂಡುಗಳ ಸಹವಾಸದಲ್ಲಿ ಪಳಗಿದ ಗೋವೆಯ ವಾದಕರು ಮುಂದೆ ಹಿಂದಿ ಚಲನಚಿತ್ರಗಳ ವಾದ್ಯವೃಂದಗಳಲ್ಲಿ ಕುಳಿತರು. ಆದುದರಿಂದ ಜಿಮ್ ಯೂರೋಪ್ ಅವರ ಹೆಸರು ಇಲ್ಲಿಯ ಕಿವಿಗಳಿಗೆ ಅಪರಿಚಿತವಾದರೂ ಅವರಿಂದ ಹೊರಟ ನಾದದ ಒಂದು ಎಳೆ ಅಷ್ಟೇನೂ ಅಪರಿಚಿತವಲ್ಲ.

ಹೀಗೆ ಮರೆಯಾದ ಸಂಗೀತವನ್ನು ಮರಳಿ ನುಡಿಸುವುದು ಎಂದರೇನು? ಅಮೆರಿಕದಲ್ಲಿ ಇದಕ್ಕೆ ಎರಡು ಮಾರ್ಗಗಳು ಕಂಡುಬಂದಿವೆ. ಒಂದು ಪುನಾರಚನೆಯ ಮಾರ್ಗ. ಗುಂಥರ್ ಶುಲ್ಲರ್ ಅವರೇ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯ ವಿದ್ಯಾರ್ಥಿಗಳಿಂದ ಸ್ಕಾಟ್ ಜಾಪ್ಲಿನ್ ಅವರ ರ್ಯಾಗ್‌ಗಳನ್ನು ಹಳೆಯ ವಾದ್ಯಸಂಯೋಜನೆಯಲ್ಲಿಯೇ ನುಡಿಸಿ 1973ರಲ್ಲಿ ಮುದ್ರಿಸಿದರು. ಜಾಪ್ಲಿನ್ ಮತ್ತೆ ಮನೆಮಾತಾದದ್ದಕ್ಕೆ ಅದು ಒಂದು ಕಾರಣ. ಮಾರಿಸ್ ಪೆರೆಸ್ 1989ರಲ್ಲಿ ಕ್ಲೆಫ್ ಕ್ಲಬ್ಬಿನ 1912ರ ಕಚೇರಿಯನ್ನು ಕಾರ್ನೆಗಿ ಹಾಲ್‌ನಲ್ಲಿಯೇ ಮರುನಿರ್ಮಿಸಿದರು. ಈ ಮಾರ್ಗದ ಉಪಕಾರ ಸಣ್ಣದಲ್ಲ. ಆದರೆ ಇಲ್ಲಿ ನಿಷ್ಠೆ ಇರುವುದು ಕಾಗದಕ್ಕೆ. ಬರೆಯದ ಒತ್ತುಗಳ ಬಗೆಗೆ ಕಾಗದ ಮೌನವಾಗಿರುತ್ತದೆ. ಫ್ರೆಂಚ್ ಬ್ಯಾಂಡ್ ನಾಯಕರ ಪ್ರಸಂಗ ಇಲ್ಲಿ ತಾನಾಗಿ ನೆನಪಾಗುತ್ತದೆ. ಇನ್ನೊಂದು ಮಾರ್ಗ 1979ರಲ್ಲಿ ಹೆನ್ರಿ ಥ್ರೆಡ್‌ಗಿಲ್ ಅವರ ‘ಏರ್’ ಎಂಬ ಮೂವರ ತಂಡ ಹೊರತಂದ ‘ಏರ್ ಲೋರ್’ ಮುದ್ರಿಕೆಯದು. ಪಿಯಾನೊಗೆಂದೇ ಬರೆದ ಜಾಪ್ಲಿನ್ ಕೃತಿಗಳನ್ನು, ಪಿಯಾನೊ ವಾದಕನೇ ಆದ ಜೆಲ್ಲಿ ರೋಲ್ ಮಾರ್ಟನ್ ಕೃತಿಗಳನ್ನು ಈ ಮೂವರು ಪಿಯಾನೊ ಇಲ್ಲದೆ, ಬರಿಯ ಸ್ಯಾಕ್ಸೊಫೋನ್, ಬಾಸ್, ಡ್ರಮ್‌ಗಳಲ್ಲಿ ನುಡಿಸಿದರು. ಕಾಗದವನ್ನು ಬದಿಗಿಟ್ಟು ಕೃತಿಯೊಳಗಿನ ಚಲನೆಯನ್ನು ಹುಡುಕುವ ಕ್ರಮವಿದು.

ಜೇಸನ್ ಮೊರಾನ್ ಎರಡನೆಯ ಮಾರ್ಗದವರು. 1975ರಲ್ಲಿ ಹ್ಯೂಸ್ಟನ್‌ನಲ್ಲಿ ಹುಟ್ಟಿದ ಈ ಪಿಯಾನೊ ವಾದಕ ಜಾಕಿ ಬಯಾರ್ಡ್ ಅವರ ಶಿಷ್ಯರು. ಒಂದೇ ಬೈಠಕಿನಲ್ಲಿ 1920ರ ದಶಕದ ಎಡಗೈ ಹಾರಿಕೆಯ ಶೈಲಿಯಿಂದ 1960ರ ದಶಕದ ಸ್ವಚ್ಛಂದ ವಾದನದವರೆಗೆ ಓಡಾಡಬಲ್ಲವರಾಗಿದ್ದ ಬಯಾರ್ಡ್ ಅವರಿಗೆ ಹಳತು ಹೊಸತು ಎಂಬ ಬೇಲಿ ಇರಲಿಲ್ಲ. ಶಿಷ್ಯರಲ್ಲಿಯೂ ಅದು ಇಲ್ಲ. ಜೇಮ್ಸ್ ಪಿ. ಜಾನ್ಸನ್ ಅವರನ್ನು 2002ರಲ್ಲಿ, ಥೆಲೋನಿಯಸ್ ಮಂಕ್ ಅವರ 1959ರ ಟೌನ್ ಹಾಲ್ ಕಚೇರಿಯನ್ನು 2007ರಲ್ಲಿ, ಫ್ಯಾಟ್ಸ್ ವಾಲರ್ ಅವರನ್ನು ಅನಂತರ, ಹೀಗೆ ಮೊರಾನ್ ಪೂರ್ವಿಕರೊಡನೆ ಒಬ್ಬೊಬ್ಬರಾಗಿ ಮುಖಾಮುಖಿಯಾಗುತ್ತ ಬಂದರು. ಜಿಮ್ ಯೂರೋಪ್ ಕುರಿತ ಯೋಜನೆ 2018ರಲ್ಲಿ ವೇದಿಕೆಗೆ ಬಂದು, 2023ರ ಜನವರಿ 1ರಂದು ‘ಫ್ರಮ್ ದ ಡ್ಯಾನ್ಸ್‌ಹಾಲ್ ಟು ದ ಬ್ಯಾಟಲ್‌ಫೀಲ್ಡ್’ ಎಂಬ ಮುದ್ರಿಕೆಯಾಯಿತು. ಇದನ್ನು ಪ್ರಕಟಿಸಿದ್ದು ಮೊರಾನ್ ಮತ್ತು ಅವರ ಪತ್ನಿ, ಗಾಯಕಿ ಅಲಿಷಿಯಾ ಹಾಲ್ ಮೊರಾನ್ ಕಟ್ಟಿಕೊಂಡ ‘ಯೆಸ್ ರೆಕಾರ್ಡ್ಸ್’. ಬಹುಕಾಲ ಬ್ಲೂ ನೋಟ್ ಕಂಪನಿಯ ಕಲಾವಿದರಾಗಿದ್ದವರು ತಮ್ಮ ಸಂಗೀತದ ಒಡೆತನವನ್ನು ತಾವೇ ಇಟ್ಟುಕೊಳ್ಳಲು ನಿರ್ಧರಿಸಿದ ಮೇಲೆ ಕ್ಲೆಫ್ ಕ್ಲಬ್ಬಿನ ಸ್ಥಾಪಕರ ಕಡೆಗೆ ತಿರುಗಿದ್ದು ಆಕಸ್ಮಿಕವೆಂದು ತೋರುವುದಿಲ್ಲ.

ಮೊರಾನ್ ಅವರ ತಂಡದಲ್ಲಿ ಹತ್ತು ಮಂದಿ ಇದ್ದಾರೆ. ‘ಬ್ಯಾಂಡ್‌ವ್ಯಾಗನ್’ ಎಂದು ಹೆಸರಾದ ಅವರ ಮೂವರ ಕೂಟದ ಟಾರಸ್ ಮಟೀನ್ ಬಾಸ್‌ನಲ್ಲಿಯೂ ನಶೀಟ್ ವೇಟ್ಸ್ ಡ್ರಮ್‌ನಲ್ಲಿಯೂ ಇದ್ದರೆ, ಉಳಿದ ಏಳು ಮಂದಿ ಊದುವಾದ್ಯಗಳವರು. ಟ್ರಂಪೆಟ್ ಒಂದೇ, ಆದರೆ ಟ್ರಾಂಬೋನ್ ಎರಡು, ಅವುಗಳ ಕೆಳಗೆ ಟ್ಯೂಬಾ. ಈ ಹಂಚಿಕೆಯಲ್ಲಿಯೇ ಒಂದು ವಿಮರ್ಶೆ ಅಡಗಿದೆ. ಪಾಥೆ ಮುದ್ರಿಕೆಗಳಲ್ಲಿ ಕೇಳಿಸುವುದು ಮೇಲಿನ ಸ್ವರಗಳ ಬ್ಯಾಂಡು. ನೆಲವಿಲ್ಲದ ಕಟ್ಟಡದಂತೆ ಅದು ತೇಲುತ್ತದೆ. ಕೊಳವೆಗೆ ದಕ್ಕದೆಹೋದ ಆ ನೆಲವನ್ನು ಮೊರಾನ್ ಮರಳಿ ಹಾಸುತ್ತಾರೆ. ಟ್ಯೂಬಾ ನುಡಿಸಿರುವ ಹೊಸೆ ಡಾವಿಲಾ ಥ್ರೆಡ್‌ಗಿಲ್ ಅವರ ‘ಝೂಯಿಡ್’ ತಂಡದಲ್ಲಿ ಬಹುಕಾಲ ಪಳಗಿದವರು ಎಂಬುದನ್ನು ನೆನೆದರೆ ‘ಏರ್ ಲೋರ್’ನ ಪರಂಪರೆ ಇಲ್ಲಿಗೆ ಹರಿದುಬಂದ ಬಗೆಯೂ ಸ್ಪಷ್ಟವಾಗುತ್ತದೆ. ಮುದ್ರಿಕೆಯನ್ನು ನಕಲು ಮಾಡುವವನು ಅದರ ಕೊರತೆಗಳನ್ನೂ ನಿಷ್ಠೆಯಿಂದ ನಕಲು ಮಾಡುತ್ತಾನೆ. 1919ರ ಶ್ರೋತೃ ಬೀದಿಯಲ್ಲಿ ನಿಂತು ಕೇಳಿದ್ದು ಆ ಮುದ್ರಿಕೆಯನ್ನಲ್ಲ; ಎದೆಗೆ ಬಡಿಯುವ ಡ್ರಮ್ಮುಗಳನ್ನು.

ಜಿಮ್ ಯೂರೋಪ್ ಅವರ ‘ಮೆಂಫಿಸ್ ಬ್ಲೂಸ್’ ಮುದ್ರಿಕೆಯ ರಚನೆ ಗಮನಾರ್ಹವಾದುದು. ಇಡೀ ಬ್ಯಾಂಡು ಮಾರ್ಚಿನ ನಡೆಯಲ್ಲಿ ಸಾಗುತ್ತ ಒಮ್ಮೆಗೇ ನಿಂತುಬಿಡುತ್ತದೆ. ಆ ಎರಡು ಮಾತ್ರೆಗಳ ಬಿಡುವಿನಲ್ಲಿ ಒಂದು ವಾದ್ಯ ಮಿಂಚಿ ಮಾಯವಾಗುತ್ತದೆ. ಮತ್ತೆ ಎಲ್ಲರೂ ಒಟ್ಟಿಗೆ ಹೆಜ್ಜೆ ಹಾಕುತ್ತಾರೆ. ಮನೋಧರ್ಮಕ್ಕೆ ಇಲ್ಲಿರುವ ಅವಕಾಶ ಇಷ್ಟೇ, ಎರಡು ಹೆಜ್ಜೆಗಳ ನಡುವಿನ ಜಾಗ. ಜಾಝ್‌ನ ಮುಂದಿನ ಬೆಳವಣಿಗೆಯನ್ನೆಲ್ಲ ಈ ಬಿಡುವಿನ ವಿಸ್ತರಣೆಯೆಂದು ನೋಡಬಹುದು. 1960ರ ದಶಕದ ಹೊತ್ತಿಗೆ ಬಿಡುವೇ ಇಡೀ ಕೃತಿಯಾಗಿ, ಮಾರ್ಚು ಅಳಿದೇ ಹೋಗಿತ್ತು. ಆ ಅಳಿದ ಮಾರ್ಚನ್ನು ತಿಳಿದ, ಬಿಡುವಿನಲ್ಲಿಯೇ ಬೆಳೆದ ಕಲಾವಿದರು ಮೊರಾನ್ ಅವರ ತಂಡದವರು. ಅವರು ಹಿಂದಿನ ಚೌಕಟ್ಟಿಗೆ ಮರಳಿದಾಗ ಹುಟ್ಟುವ ಜಗ್ಗಾಟವೇ ಈ ಕೃತಿಯ ಆಕರ್ಷಣೆ.

ಆ ಜಗ್ಗಾಟ ಪರಾಕಾಷ್ಠೆಗೇರುವುದು ‘ಫ್ಲೀ ಆ್ಯಸ್ ಎ ಬರ್ಡ್ ಟು ಯುವರ್ ಮೌಂಟನ್’ ಎಂಬ ಭಕ್ತಿಗೀತೆಯೂ ಆಲ್ಬರ್ಟ್ ಐಲರ್ ಅವರ ‘ಘೋಸ್ಟ್ಸ್’ ಎಂಬ ಕೃತಿಯೂ ಒಂದಾಗಿ ಹೆಣೆದುಕೊಳ್ಳುವಲ್ಲಿ. ಮೊದಲನೆಯದು 19ನೆಯ ಶತಮಾನದ ಗೀತೆ. ನ್ಯೂ ಆರ್ಲಿಯನ್ಸ್‌ನ ಬ್ಯಾಂಡುಗಳು ಶವದ ಹಿಂದೆ ನಿಧಾನವಾಗಿ ನಡೆಯುತ್ತ ಇದನ್ನು ನುಡಿಸುತ್ತಿದ್ದುವು. ಎರಡನೆಯದು 1964ರಲ್ಲಿ ಮುದ್ರಣಗೊಂಡದ್ದು, ಸ್ವಚ್ಛಂದ ಜಾಝ್‌ನ ಅತ್ಯಂತ ಪ್ರಖರ ಕೃತಿಗಳಲ್ಲೊಂದು. ಹಳತಿಗೆ ಹೊಸತನ್ನು ಅಂಟಿಸುವ ಇಂಥ ಕೆಲಸ ಸುಲಭದ ಚಮತ್ಕಾರವಾಗಿಬಿಡುವ ಅಪಾಯ ಯಾವಾಗಲೂ ಇದೆ. ಇಲ್ಲಿ ಹಾಗಾಗಿಲ್ಲ. ಕಾರಣವನ್ನು ಐಲರ್ ಅವರ ಜೀವನದಲ್ಲಿಯೇ ಹುಡುಕಬಹುದು. ಐಲರ್ ಅಮೆರಿಕದ ಸೈನ್ಯದಲ್ಲಿದ್ದಾಗ ಸೇನಾ ಬ್ಯಾಂಡಿನ ವಾದಕರಾಗಿ ಫ್ರಾನ್ಸಿನ ಓರ್ಲಿಯಾನ್ ನಗರದಲ್ಲಿದ್ದರು. ಅವರ ಕೃತಿಗಳ ಪಲ್ಲವಿಗಳು ಮಾರ್ಚಿನಂತೆ, ಮಕ್ಕಳ ಹಾಡಿನಂತೆ, ಚರ್ಚಿನ ಗೀತೆಯಂತೆ ಕೇಳಿಸುವುದನ್ನು ವಿಮರ್ಶಕರು ಮೊದಲಿನಿಂದಲೂ ಗುರುತಿಸಿದ್ದಾರೆ. ಫ್ರಾನ್ಸಿನ ನೆಲದಲ್ಲಿ ಅಮೆರಿಕದ ಸಮವಸ್ತ್ರ ತೊಟ್ಟು ಮಾರ್ಚುಗಳನ್ನು ನುಡಿಸಿದ ಇಬ್ಬರು ಕಪ್ಪು ಸಂಗೀತಗಾರರು ನಾಲ್ಕು ದಶಕಗಳ ಅಂತರದಲ್ಲಿ ಇಲ್ಲಿ ಎದುರಾಗುತ್ತಾರೆ. ಇಬ್ಬರೂ ನಲವತ್ತನ್ನು ದಾಟಲಿಲ್ಲ. ಐಲರ್ ಅವರ ದೇಹ 1970ರಲ್ಲಿ ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿ ದೊರೆಯಿತು. ಜಿಮ್ ಯೂರೋಪ್ ಅವರನ್ನು ಇಡೀ ನಗರವೇ ಸಾರ್ವಜನಿಕವಾಗಿ ಕಳುಹಿಸಿಕೊಟ್ಟಿತು, ಆರ್ಲಿಂಗ್ಟನ್‌ನ ಸೈನಿಕ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಆದರೆ ಅವರ ಸಂಗೀತಕ್ಕೆ ಅಂತ್ಯಕ್ರಿಯೆ ನಡೆದಿರಲಿಲ್ಲ. ಈ ಜೋಡಣೆಯಲ್ಲಿ ನಡೆಯುವುದು ಅದು. ಕಾಗದಕ್ಕೆ ನಿಷ್ಠವಾದ ಯಾವ ಪುನಾರಚನೆಯೂ ಇದನ್ನು ಸಾಧಿಸಲಾರದು, ಏಕೆಂದರೆ ಕಾಗದ ಬರೆದವನ ಸಾವನ್ನು ಬಲ್ಲುದಲ್ಲ.

ಇಷ್ಟಾಗಿಯೂ ಎರಡು ಆಕ್ಷೇಪಗಳನ್ನು ಎತ್ತದೆ ಬಿಡುವಂತಿಲ್ಲ. ಮೊರಾನ್ ಅವರ ತಂಡದಲ್ಲಿ ಬ್ಯಾಂಜೊ ಇಲ್ಲ, ಮ್ಯಾಂಡೊಲಿನ್ ಇಲ್ಲ, ಹಾರ್ಪ್-ಗಿಟಾರ್ ಇಲ್ಲ. ‘ಕ್ಲೆಫ್ ಕ್ಲಬ್ ಮಾರ್ಚ್’ ಕೃತಿಯ ಪಟ್ಟಿಯಲ್ಲಿ ಇದ್ದರೂ ಕ್ಲೆಫ್ ಕ್ಲಬ್ಬಿನ ತಂತಿಗಳ ನಾದ ಎಲ್ಲಿಯೂ ಇಲ್ಲ. 1912ರ ಕಚೇರಿಯ ಅತ್ಯಂತ ಮೂಲಭೂತವಾದ ಶೋಧ ಆ ನಾದವೇ ಆಗಿತ್ತು. ಅದು ಮುದ್ರಣಗೊಳ್ಳದ ಕಾರಣ ಅದರ ಅಗತ್ಯ ಇನ್ನೂ ಹೆಚ್ಚು. ಮುದ್ರಿಕೆಗೆ ದಕ್ಕದ್ದನ್ನು ಮರಳಿ ತರುವುದೇ ಈ ಮರುರಚನೆಯ ಬಲವೆಂದಾದರೆ, ಅತಿ ಹೆಚ್ಚು ದಕ್ಕದೆಹೋದದ್ದನ್ನು ಅದು ಕೈಬಿಟ್ಟಿದೆ ಎನ್ನಬೇಕಾಗುತ್ತದೆ. ಸೇನಾ ಬ್ಯಾಂಡಿನ ಕಿವಿಯಿಂದಲೇ ಮೊರಾನ್ ಇಡೀ ಜಿಮ್ ಯೂರೋಪ್ ಅವರನ್ನು ಕೇಳಿಸಿಕೊಂಡಿದ್ದಾರೆ. ಈ ಒಂದು ವಿಷಯದಲ್ಲಿ 1989ರ ಪೆರೆಸ್ ಅವರ ‘ಕಾಗದದ ನಿಷ್ಠೆ’ ಹೆಚ್ಚು ಸತ್ಯವಾದುದನ್ನು ಹೇಳಿತ್ತು.

ಎರಡನೆಯದು ಕಡಿವಾಣದ ವಿಷಯ. ದಿನನಿತ್ಯದ ತಾಲೀಮಿನಿಂದ ವಾದಕರನ್ನು ತಡೆಹಿಡಿಯುತ್ತಿದ್ದ ನಾಯಕನ ಸಂಗೀತವಿದು. ಆ ತಡೆಗೆ ಮುನಿದ ಕೈಯಿಂದಲೇ ಆತನ ಅಂತ್ಯವೂ ಆಯಿತು. ಶಿಸ್ತು ಇಲ್ಲಿ ಕೇವಲ ಕಲಾತತ್ತ್ವವಾಗಿರಲಿಲ್ಲ. ವರ್ಣಭೇದದ ಸೈನ್ಯದಲ್ಲಿ, ಬಿಳಿಯ ಪ್ರೇಕ್ಷಕರ ಎದುರಿನಲ್ಲಿ ಒಂದು ತಪ್ಪು ಹೆಜ್ಜೆಗೂ ಇಡೀ ಜನಾಂಗ ಬೆಲೆ ತೆರಬೇಕಾಗುತ್ತದೆಂಬ ಅರಿವು ಅದರ ಹಿಂದೆ ಇತ್ತು. ಮೊರಾನ್ ಅವರ ಕಲಾವಿದರಿಗೆ ಸ್ವಾತಂತ್ರ್ಯ ಹುಟ್ಟಿನಿಂದಲೇ ಬಂದದ್ದು, ಹಾಗೆ ಬರುವಂತೆ ಮಾಡಿದವರಲ್ಲಿ ಜಿಮ್ ಯೂರೋಪ್ ಕೂಡ ಒಬ್ಬರು. ಆದರೂ ಬಿಗಿ ಸಡಿಲಿದಲ್ಲೆಲ್ಲ ಹಳೆಯ ರ್ಯಾಗ್‌ಗಳು ಬರಿಯ ನೆಪಗಳಾಗಿ ಉಳಿಯುವ ಸಂಭವವಿದೆ. ಮಾರ್ಚಿನ ಹೆಜ್ಜೆ ನಿಂತಲ್ಲಿ ಬಿಡುವಿಗೂ ಅರ್ಥವಿರುವುದಿಲ್ಲ.

ಈ ಓರೆಗೆ ಯೋಜನೆ ಹುಟ್ಟಿದ ಸಂದರ್ಭವೂ ಕಾರಣವಿರಬೇಕು. ಮಹಾಯುದ್ಧದ ಶತಮಾನೋತ್ಸವಕ್ಕೆಂದು ಬ್ರಿಟನ್ನಿನಲ್ಲಿ ಏರ್ಪಟ್ಟಿದ್ದ ‘14-18 ನೌ’ ಕಲಾ ಯೋಜನೆಯ ನೆರವಿನಿಂದ ಇದು ರೂಪುಗೊಂಡಿತು. 2018ರ ಪ್ರದರ್ಶನಗಳಲ್ಲಿ ಜಾನ್ ಅಕೋಂಫ್ರಾ ಅವರ ಚಲನಚಿತ್ರದ ದೃಶ್ಯಗಳೂ ಇದ್ದುವು. ಲಂಡನ್ನಿನ ‘ಟುಮಾರೋಸ್ ವಾರಿಯರ್ಸ್’ ಸಂಸ್ಥೆಯ ತರುಣ ವಾದಕರು ಮೊರಾನ್ ಜೊತೆ ನುಡಿಸಿದರು. ಶತಮಾನದ ಸ್ಮರಣೆಗೆ ಹಣ ಕೊಡುವವರು ರಣಭೂಮಿಯನ್ನು ಕೇಳುತ್ತಾರೆ; ನೃತ್ಯಶಾಲೆಯನ್ನು ಕೇಳುವುದಿಲ್ಲ. ಕೃತಿಯ ಶೀರ್ಷಿಕೆಯಲ್ಲಿ ಎರಡಕ್ಕೂ ಸಮಾನ ಸ್ಥಾನವಿದ್ದರೂ ತೂಕ ಎರಡನೆಯದರ ಕಡೆಗೇ ವಾಲುತ್ತದೆ. ಜಿಮ್ ಯೂರೋಪ್ ಅವರ ಹೆಚ್ಚಿನ ಸಂಗೀತ ಕುಣಿಯುವವರಿಗಾಗಿ ಬರೆದದ್ದು. ‘ಕಾಸಲ್ ಡಾಗಿ ಫಾಕ್ಸ್‌ಟ್ರಾಟ್’ ಅನ್ನು ಕುರ್ಚಿಯಲ್ಲಿ ಕೈಕಟ್ಟಿ ಕುಳಿತು ಕೇಳುವವರನ್ನು ಅವರು ಊಹಿಸಿಕೊಂಡಿರಲಾರರು.

ಮೊರಾನ್ ಅವರಿಗೆ ಇದು ತಿಳಿಯದ ವಿಷಯವಲ್ಲ. ಫ್ಯಾಟ್ಸ್ ವಾಲರ್ ಅವರನ್ನು ಕುರಿತ ಯೋಜನೆಯನ್ನು ಅವರು 2011ರಲ್ಲಿ ಮಿಶೆಲ್ ಎಂಡೆಗೆಯೊಚೆಲ್ಲೊ ಅವರೊಡನೆ ಹಾರ್ಲೆಮ್‌ನಲ್ಲಿ ನೃತ್ಯದ ಕೂಟವಾಗಿಯೇ ರೂಪಿಸಿದ್ದರು. ವಾಲರ್ ಅವರ ಮುಖವನ್ನು ಹೋಲುವ, ಕಾಗದದ ರಾಡಿಯಿಂದ ಮಾಡಿದ ದೊಡ್ಡದೊಂದು ಮುಖವಾಡವನ್ನು ತಲೆಗೇರಿಸಿಕೊಂಡು ಅವರು ಪಿಯಾನೊ ನುಡಿಸುತ್ತಿದ್ದರೆ ಜನ ಎದುರಿನಲ್ಲಿ ಕುಣಿಯುತ್ತಿದ್ದರು. ಜಿಮ್ ಯೂರೋಪ್ ಅವರ ‘ಕಾಸಲ್ ಹೌಸ್ ರ್ಯಾಗ್’ ಹುಟ್ಟಿದ್ದೂ ಅಂಥದೇ ಕೂಟಕ್ಕಾಗಿ, ಕಾಸಲ್ ದಂಪತಿಗಳ ನೃತ್ಯಶಾಲೆಯ ನುಣುಪಾದ ನೆಲಕ್ಕಾಗಿ.